ಮಾವ ಬಿಟ್ಟುಹೋದ ಮಾರ್ಲಿನ್: ಮಾರಬೇಡಿ, ಹೊಸದಾಗಿಸಲೂ ಬೇಡಿ

ಪ್ರಶ್ನೆ: ನಾನು ಹಾಸನ ಕಡೆಯವಳು. ಪೆನ್ಸಿಲ್ವೇನಿಯಾಕ್ಕೆ ಬಂದು 19 ವರ್ಷವಾಯಿತು, ಗ್ರೀನ್ ಕಾರ್ಡ್ ಇದೆ. ಗಂಡ ಇಲ್ಲಿಯವರೇ. ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಉಯಿಲಿನಲ್ಲಿ ನನ್ನ ಹೆಸರಿಗೆ ಒಂದು ರೈಫಲ್ ಬರೆದಿದ್ದಾರೆ. ಮಾರ್ಲಿನ್ ಗೋಲ್ಡನ್ 39ಎ, .22 ಅನ್ನುವ ಸಣ್ಣ ತೋಟಾದ್ದು, ಕೆಳಗಿನ ಲಿವರ್ ಎಳೆದು ಹೊಡೆಯುವಂಥದ್ದು. ಭಾನುವಾರ ಸಂಜೆ ಹಿತ್ತಲ ದಿಬ್ಬದಲ್ಲಿ ಅವರು ಖಾಲಿ ಡಬ್ಬಿ ಇಟ್ಟು ಹೊಡೆಯುತ್ತಿದ್ದರು. ಬಿದ್ದ ಡಬ್ಬಿಗಳನ್ನು ಮತ್ತೆ ಜೋಡಿಸಿಡುವುದು ನನ್ನ ಕೆಲಸ. "ನೀನೂ ಒಂದು ಹೊಡಿ" ಎಂದು ಎಷ್ಟೋ ಸಲ ಕರೆದರು. ನಾನು ಪ್ರತಿ ಸಲವೂ ಬೇಡ ಅಂದೆ. ಈಗ ಅದು ಬೀರುವಿನಲ್ಲಿದೆ. ಗಂಡನಿಗೆ ಆಸಕ್ತಿ ಇಲ್ಲ. ಪಕ್ಕದ ಮನೆಯವರು ಮಾರಿಬಿಡಿ ಅನ್ನುತ್ತಾರೆ. ಒಂದು ಅಂಗಡಿಯವರು ಬಣ್ಣ ಹೊಸದಾಗಿ ಹಾಕಿ, ಗುರಿ ಹತ್ತಿರ ಕಾಣಿಸುವ ಸ್ಕೋಪ್ ಕೂರಿಸಿ ಹೊಸದರಂತೆ ಮಾಡಿಕೊಡುತ್ತೇವೆ ಅಂದರು. 14 ವರ್ಷದ ಮಗಳು ಕಲಿಯಬೇಕು ಅನ್ನುತ್ತಿದ್ದಾಳೆ. ಸೀರಿಯಲ್ ನಂಬರ್ 27ರಿಂದ ಶುರುವಾಗುತ್ತದೆ. ಇದನ್ನು ಏನು ಮಾಡಲಿ?

ಉತ್ತರ: ಮೊದಲು ಆ ಅಂಗಡಿಯವರಿಗೆ ಬೇಡ ಅಂತ ಹೇಳಿಬಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಕೈಗೆ ಬಂದಿರುವುದು 1973ರ ರೈಫಲ್. ಆ ಕಾಲದಿಂದ ಮಾರ್ಲಿನ್ ಕಂಪನಿ ಒಂದು ಸುಲಭದ ಲೆಕ್ಕ ಇಟ್ಟುಕೊಂಡಿತ್ತು. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯನ್ನು 100ರಿಂದ ಕಳೆದರೆ ತಯಾರಾದ ವರ್ಷ ಸಿಗುತ್ತದೆ. 100ರಲ್ಲಿ 27 ಹೋದರೆ 73. ನಿಮ್ಮ ಮಾವ ಅದನ್ನು ಹೊಸದಾಗಿಯೇ ಕೊಂಡಿದ್ದರೆ ಅವರ ಜೊತೆ ಅರ್ಧ ಶತಮಾನ ಬಾಳಿದ ವಸ್ತು ಅದು.

ಅದರ ವಂಶ ಇನ್ನೂ ಹಳೆಯದು. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ ಜಾನ್ ಮಾರ್ಲಿನ್ 1870ರಲ್ಲಿ ಶುರುಮಾಡಿದ ಕಂಪನಿ ಅದು. ಅಲ್ಲಿ ಎಲ್. ಎಲ್. ಹೆಪ್‌ಬರ್ನ್ ಎಂಬ ಕುಶಲಕರ್ಮಿ ರೂಪಿಸಿದ 1891ರ ಮಾಡೆಲ್, .22 ತೋಟಾಕ್ಕೆ ಮಾಡಿದ ಲಿವರ್ ರಿಪೀಟರ್, ಅಂದರೆ ಲಿವರ್ ಎಳೆದು ಒಂದರ ಹಿಂದೊಂದು ಹೊಡೆಯುವ ರೈಫಲ್. ಆ್ಯನಿ ಓಕ್ಲಿ ಎಂಬ ಹೆಸರಾಂತ ಗುರಿಕಾರ್ತಿ ಪ್ರದರ್ಶನಗಳಲ್ಲಿ ಬಳಸಿದ ಕೋವಿಗಳಲ್ಲಿ ಈ ವಂಶದವೂ ಇದ್ದವು. 1897ರಲ್ಲಿ ಅದನ್ನು ಎರಡು ತುಂಡಾಗಿ ಬಿಚ್ಚುವ ಹಾಗೆ ಮಾಡಿದರು. 1922ರಲ್ಲಿ ಮಾಡೆಲ್ 39 ಬಂತು, 1939ರಲ್ಲಿ 39ಎ. ಟ್ರಿಗರ್‌ಗೆ ಚಿನ್ನದ ಲೇಪ ಕೊಟ್ಟ ಮೇಲೆ 'ಗೋಲ್ಡನ್' ಎಂಬ ಹೆಸರು ಸೇರಿತು. ಆಮೇಲೆ ಕಂಪನಿ ರೆಮಿಂಗ್ಟನ್ ಕೈಗೆ ಹೋಯಿತು, ಹಳೆಯ ಕಾರ್ಖಾನೆ ಮುಚ್ಚಿತು. ರೆಮಿಂಗ್ಟನ್ ದಿವಾಳಿಯಾದಾಗ, 2020ರಲ್ಲಿ, ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡಿತು. ನಿಮ್ಮಲ್ಲಿರುವುದು ಇದೆಲ್ಲ ಆಗುವ ಮೊದಲಿನದು. ಗಟ್ಟಿ ಉಕ್ಕಿನ ಒಡಲು, ವಾಲ್‌ನಟ್ ಮರದ ಹಿಡಿ, 24 ಇಂಚಿನ ನಳಿಗೆ. ಎತ್ತಿದರೆ ಆರೂವರೆ ಪೌಂಡ್, ಅಂದರೆ ಸುಮಾರು ಮೂರು ಕಿಲೋ. .22ಕ್ಕೆ ಇಷ್ಟು ತೂಕ ಯಾಕೆ ಅನ್ನಿಸಬಹುದು. ಹೊಡೆಯುವಾಗ ಗೊತ್ತಾಗುತ್ತದೆ, ಆ ತೂಕವೇ ಅದನ್ನು ಅಲುಗಾಡದಂತೆ ಹಿಡಿಯುತ್ತದೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಗ್ರೀನ್ ಕಾರ್ಡ್ ಇರುವವರು ಇಂಥ ರೈಫಲ್ ಇಟ್ಟುಕೊಳ್ಳಲು ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಉಯಿಲಿನ ಮೂಲಕ ಬಂದ ಕೋವಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದರೂ ಫೆಡರಲ್ ಕಾನೂನಿನಲ್ಲಿ ಅದಕ್ಕೆ ವಿನಾಯಿತಿ ಇದೆ. ರಾಜ್ಯದ ನಿಯಮ ಬೇರೆ, ಅದನ್ನು ಪ್ರತ್ಯೇಕ ನೋಡಬೇಕು. ಉದಾಹರಣೆಗೆ ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್, ಅಂದರೆ ಕೋವಿ ಇಟ್ಟುಕೊಳ್ಳುವವರಿಗೆ ರಾಜ್ಯ ಕೊಡುವ ಗುರುತಿನ ಚೀಟಿ, ಇಲ್ಲದೆ ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು ಹೇಳಲೇಬೇಕು. ಎಚ್-1ಬಿ ಅಥವಾ ಎಚ್-4 ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಆದರೆ ವಕೀಲರನ್ನು ಕೇಳದೆ ಯಾರೂ ಮುಂದುವರಿಯಬೇಡಿ. ಗೆಳೆಯರು ಒಳ್ಳೆಯ ಮನಸ್ಸಿನಿಂದ ರೇಂಜ್‌ಗೆ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ, ಕರೆದುಕೊಂಡು ಹೋಗಿ ಕೈಗೆ ರೈಫಲ್ ಕೊಡುತ್ತಾರೆ, ಒಂದು ಫೋಟೊ ತೆಗೆಯುತ್ತಾರೆ, ಆ ಫೋಟೊ ಮುಂದೆ ವೀಸಾಕ್ಕೆ ಮುಳುವಾಗಬಹುದು. ಇನ್ನು ಊರಿಗೆ ತೆಗೆದುಕೊಂಡು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಲ್ಲಿನ ರಫ್ತು ನಿಯಮ, ಅಲ್ಲಿನ 1959ರ ಶಸ್ತ್ರಾಸ್ತ್ರ ಕಾಯ್ದೆ ಎರಡನ್ನೂ ದಾಟಬೇಕು. ಅದು ಹುಟ್ಟಿದ ನೆಲದಲ್ಲೇ ಇರಲಿ.

ಈಗ ಬಣ್ಣದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಸಂಜೆ ರೈಫಲನ್ನು ಒಳ್ಳೆಯ ಬೆಳಕಿನಲ್ಲಿ ಮೇಜಿನ ಮೇಲೆ ಮಲಗಿಸಿ ನೋಡಿ. ಉಕ್ಕಿಗೆ ಕಪ್ಪುನೀಲಿ ಬಣ್ಣ ಇರುತ್ತದೆ. ಅದು ಎಲ್ಲ ಕಡೆ ಒಂದೇ ತರ ಸವೆದಿರುವುದಿಲ್ಲ. ರೈಫಲನ್ನು ಒಂದೇ ಕೈಯಲ್ಲಿ ತೂಗಿ ಹಿಡಿದು ನಡೆಯುವಾಗ ಬೆರಳು ಸುತ್ತಿಕೊಳ್ಳುವ ಒಂದು ಜಾಗ ಇದೆ. ಅಲ್ಲಿ ಬಣ್ಣ ಮಾಸಿ ಬೂದು ಬೆಳ್ಳಿಯಂತೆ ಕಾಣುತ್ತಿರಬಹುದು. ಅದು ನಿಮ್ಮ ಮಾವ ಹಿಡಿದು ನಡೆದ ಜಾಗ. ಲಿವರ್ ಒಳಗಿನ ಅಂಚು ನೋಡಿ, ಬೆರಳಿನ ಹಿಂಬದಿ ತಾಗಿ ತಾಗಿ ಹೊಳಪು ಬಂದಿರುತ್ತದೆ. ಮರದ ಹಿಡಿಯಲ್ಲಿ ಕೆನ್ನೆ ಒತ್ತುವ ಕಡೆ ಕೈಯಾಡಿಸಿ, ಉಳಿದ ಕಡೆಗಿಂತ ನುಣುಪು. ಆಮೇಲೆ ಹಿಡಿಯ ತಳಭಾಗ ತಿರುಗಿಸಿ. ಕಪ್ಪು ಬಿಳುಪಿನ ಒಂದು ಸಣ್ಣ ಬೊಟ್ಟು ಮರದಲ್ಲಿ ಕೂರಿಸಿರುತ್ತಾರೆ, ಗುರಿಹಲಗೆಯ ನಡುವಿನ ಚುಕ್ಕಿಯ ಹಾಗೆ. ಅದು ಮಾರ್ಲಿನ್‌ನ ಗುರುತು. ಅದು ಇನ್ನೂ ಇದೆ, ನುಣುಪಾಗಿ ಕೂತಿದೆ ಅಂದರೆ ಹಿಡಿಯನ್ನು ಯಾರೂ ಉಜ್ಜಿ ಹಾಳುಮಾಡಿಲ್ಲ ಅಂತ ಅರ್ಥ.

ಹೊಸ ಬಣ್ಣ ಹಾಕುವವರು ಮಾಡುವ ಮೊದಲ ಕೆಲಸ ಉಕ್ಕನ್ನು ಉಜ್ಜುವುದು. ಉಜ್ಜಿದಾಗ ಅಕ್ಷರಗಳ ಅಂಚು ಮಬ್ಬಾಗುತ್ತದೆ, ಮೂಲೆಗಳು ದುಂಡಾಗುತ್ತವೆ. ಈ ರೈಫಲ್‌ಗಳನ್ನು ಸಂಗ್ರಹಿಸುವವರು ಮೂಲ ಬಣ್ಣ ಹೋದದ್ದಕ್ಕೆ ಕಡಿಮೆ ಬೆಲೆ ಕೊಡುತ್ತಾರೆ. ಆದರೆ ನಾನು ಬೆಲೆಗೋಸ್ಕರ ಹೇಳುತ್ತಿಲ್ಲ. ನಾನು ಕೊಡಗಿನವನು. ಅಜ್ಜನದ್ದು ಒಂದು ತೋಟಾ ಕೋವಿ ಇತ್ತು, ಜೋಡಿ ನಳಿಗೆಯದ್ದು. ಕೈಲ್ ಪೊಳ್ದ್, ಅಂದರೆ ನಮ್ಮ ಆಯುಧಪೂಜೆಯ ಹಬ್ಬದ ದಿನ, ಮನೆಯ ಕೋವಿಗಳನ್ನೆಲ್ಲ ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಜ್ಜನ ಕೋವಿಯ ಎಡಮಗ್ಗುಲಲ್ಲಿ ಅವರ ಹೆಬ್ಬೆರಳು ಕೂರುವ ಕಡೆ ಒಂದು ಹುಣಸೆಬೀಜದಷ್ಟು ಅಗಲ ಬಣ್ಣ ಪೂರ್ತಿ ಹೋಗಿತ್ತು. ಚಿಕ್ಕವನಿದ್ದಾಗ ನಾನು ನನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡುತ್ತಿದ್ದೆ. ಅವರು ಹೋದ ಮೇಲೆ, ಇಪ್ಪತ್ತಾರರ ಹುಡುಗ ನಾನು, ಅಜ್ಜನ ನೆನಪಿಗೆ ಅಂತಲೇ ಒಂದು ವರ್ಕ್‌ಶಾಪಿಗೆ ಕೊಟ್ಟು ಪಾಲಿಶ್ ಮಾಡಿಸಿದೆ. ಮಿಂಚುತ್ತಾ ವಾಪಸ್ ಬಂತು. ಹೆಬ್ಬೆರಳಿನ ಗುರುತು ಇರಲಿಲ್ಲ. ಅಪ್ಪ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿ ಸುಮ್ಮನೆ ಗೋಡೆಗೆ ಒರಗಿಸಿದರು. ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ನನಗೆ ಅದು ಹೊಟ್ಟೆಯಲ್ಲಿ ಸಂಕಟ.

ಹಾಗಾಗಿ ನಿಮ್ಮ ರೈಫಲ್‌ಗೆ ಬೇಕಾದ್ದು ಬರೀ ಎಣ್ಣೆ ಬಟ್ಟೆ. ಕೆಂಪು ತುಕ್ಕಿನ ಚುಕ್ಕಿ ಕಂಡರೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಒರಟು ಬಟ್ಟೆಯಲ್ಲಿ ಒರೆಸಿ. ಮರಕ್ಕೆ ಒಣ ಬಟ್ಟೆ ಸಾಕು.

ಇನ್ನು ಮುಟ್ಟುವ ವಿಷಯ. ಯಾರೇ ಹೇಳಿರಲಿ, ಅದು ಖಾಲಿ ಅಂತ ನಂಬಬೇಡಿ. ನೀವೇ ನೋಡಬೇಕು. ಬೆರಳು ಟ್ರಿಗರ್‌ನಿಂದ ದೂರ, ನಳಿಗೆಯ ತುದಿ ಯಾರೂ ಇಲ್ಲದ ಕಡೆಗೆ. ನಳಿಗೆಯ ಕೆಳಗೆ ಉದ್ದಕ್ಕೆ ಒಂದು ಕೊಳವೆ ಇದೆ, ಅದೇ ತೋಟಾ ತುಂಬಿಡುವ ಮ್ಯಾಗಜೀನ್. ಲಾಂಗ್ ರೈಫಲ್ ಎಂಬ ಮಾಮೂಲಿ .22 ತೋಟಾ ಆದರೆ 19 ಹಿಡಿಯುತ್ತದೆ. ಅದರ ತುದಿಯನ್ನು ತಿರುಗಿಸಿ ಒಳಗಿನ ಹಿತ್ತಾಳೆ ಕೊಳವೆಯನ್ನು ಪೂರ್ತಿ ಹೊರಗೆ ಎಳೆಯಿರಿ. ಎಳೆಯುವಾಗ ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಯ ಮುಂದೆ ಬರಬಾರದು. ರೈಫಲನ್ನು ಬಗ್ಗಿಸಿ ತೋಟಾ ಇದ್ದರೆ ಉದುರಿಸಿ. ಇಲ್ಲಿಗೆ ಖಾಲಿಯಾಯಿತು ಅಂದುಕೊಂಡು ನಿಲ್ಲಿಸುವವರೇ ಜಾಸ್ತಿ. ಆದರೆ ಕೊಳವೆ ತೆಗೆದರೂ ಒಳಗಡೆ, ತೋಟಾವನ್ನು ಮೇಲೆತ್ತುವ ಕಡೆ, ಒಂದು ಉಳಿದಿರಬಹುದು. ಇನ್ನೊಂದು ನಳಿಗೆಯ ಹಿಂಬದಿಯಲ್ಲೇ ಕೂತಿರಬಹುದು. ಲಿವರನ್ನು ಪೂರ್ತಿ ಕೆಳಗೆ, ಪೂರ್ತಿ ಮೇಲೆ, ನಾಲ್ಕೈದು ಸಲ ಆಡಿಸಿ. ಆಮೇಲೆ ಲಿವರ್ ತೆರೆದಿಟ್ಟು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಪ್ರತಿ ಸಲ ಕೈಗೆತ್ತಿಕೊಂಡಾಗಲೂ ಇದೇ ಕ್ರಮ. ಮಗಳಿಗೆ ಹೊಡೆಯುವುದಕ್ಕಿಂತ ಮೊದಲು ಕಲಿಸಬೇಕಾದ ಪಾಠ ಇದು. ಅವಳು ನಿಮಗೆ ತೋರಿಸಿ, ನೀವು ಅವಳಿಗೆ ತೋರಿಸಿ, ಇಬ್ಬರೂ ನೋಡಿದ ಮೇಲೆ ಮಾತ್ರ ಖಾಲಿ.

ನಿಮ್ಮದರಲ್ಲಿ ಒತ್ತುವ ಗುಂಡಿಯ ಸೇಫ್ಟಿ ಇಲ್ಲ. ಅದು ಬಂದದ್ದು 1980ರ ದಶಕದ ಕೊನೆಗೆ. ನಿಮ್ಮದರಲ್ಲಿ ಇರುವುದು ಹ್ಯಾಮರ್‌ನ, ಅಂದರೆ ಟ್ರಿಗರ್ ಒತ್ತಿದಾಗ ಬಂದು ಬಡಿಯುವ ಹಿಂಬದಿಯ ಸುತ್ತಿಗೆಯ, ಅರ್ಧ ನಿಲುಗಡೆ ಮಾತ್ರ. ಒಳಗೆ ತೋಟಾ ಇದ್ದಾಗ ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದು ಟ್ರಿಗರ್ ಒತ್ತಿ ನಿಧಾನ ಇಳಿಸುವುದನ್ನು ಅನುಭವಸ್ಥರು ಮಾಡುತ್ತಾರೆ. ನೀವು ಮಾಡಬೇಡಿ. ಹೆಬ್ಬೆರಳು ಬೆವರಿದ್ದರೆ, ಚಳಿಗೆ ಮರಗಟ್ಟಿದ್ದರೆ ಜಾರುತ್ತದೆ. ಹೊಡೆಯುವುದು ಬೇಡ ಅನ್ನಿಸಿದರೆ ನಳಿಗೆ ದಿಬ್ಬದ ಕಡೆಗೇ ಇರಲಿ, ಲಿವರ್ ಎಳೆದು ತೋಟಾ ಹೊರಗೆ ಹಾಕಿ. ಲಿವರ್ ಆಡಿಸುವಾಗ ಬೆರಳು ಟ್ರಿಗರ್ ಮೇಲೆ ಬರಲೇಬಾರದು.

ಇನ್ನೊಂದು, ಖಾಲಿ ರೈಫಲ್‌ನ ಟ್ರಿಗರ್ ಸುಮ್ನೆ ಕಟಕಟ ಒತ್ತಬೇಡಿ. .22 ತೋಟಾದ ಸ್ವಭಾವ ಬೇರೆ. ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಹಿಂಬದಿಯ ನಡುವೆ ಒಂದು ಪುಟ್ಟ ಬಟ್ಟಲಲ್ಲಿ ಇರುತ್ತದೆ. ಇದರಲ್ಲಿ ಸುತ್ತಲಿನ ಅಂಚಿನ ಮಡಿಕೆಯೊಳಗೆ ಇರುತ್ತದೆ. ರೈಫಲ್‌ನ ಪಿನ್ ಆ ಅಂಚನ್ನೇ ಜಜ್ಜಬೇಕು. ತೋಟಾ ಇಲ್ಲದಿದ್ದರೆ ಪಿನ್ ಹೋಗಿ ನಳಿಗೆಯ ಹಿಂಬದಿಯ ಅಂಚಿನ ಉಕ್ಕಿಗೇ ಬಡಿಯಬಹುದು. ಅಲ್ಲಿ ತಗ್ಗು ಬಿದ್ದರೆ ತೋಟಾ ಸರಿಯಾಗಿ ಕೂರುವುದಿಲ್ಲ. ಅಭ್ಯಾಸಕ್ಕೆ ಪ್ಲಾಸ್ಟಿಕ್‌ನ ಡಮ್ಮಿ ತೋಟಾ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಈ ಅಂಚಿನ ಮದ್ದಿನ ತೋಟಾ 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ತಂದ .22 ಶಾರ್ಟ್‌ನಿಂದ ಬಂದದ್ದು. ನಿಮ್ಮ ಮಾವ ಹೊಡೆಯುತ್ತಿದ್ದ ಲಾಂಗ್ ರೈಫಲ್ ತೋಟಾ 1887ರದ್ದು. ಇಷ್ಟು ಹಳೆಯ ತೋಟಾ ಇವತ್ತಿಗೂ ದಿನಸಿ ಸಾಮಾನಿನ ಹಾಗೆ ಸಿಗುತ್ತದೆ, ದೊಡ್ಡ ತೋಟಾಗಳ ಮುಂದೆ ಅಗ್ಗವೂ ಹೌದು. ಈ ರೈಫಲ್‌ಗೆ ಇರುವ ದೊಡ್ಡ ಅನುಕೂಲ ಅದೇ.

ಈಗ ಬಿಚ್ಚೋಣ. ನನಗೆ ಈ ರೈಫಲ್‌ನಲ್ಲಿ ಅತಿ ಇಷ್ಟವಾದ ಕ್ಷಣ ಇದು. ಒಡಲಿನ ಬಲಮಗ್ಗುಲಲ್ಲಿ ಅಗಲ ತಲೆಯ ಒಂದು ತಿರುಪು ಇದೆ, ನಡುವೆ ಗೀರು. ಖಾಲಿ ಇದೆ ಅಂತ ನೋಡಿಕೊಂಡ ಮೇಲೆ ಹ್ಯಾಮರನ್ನು ಹಿಂದಕ್ಕೆ ಎಳೆದಿಡಿ. ತಿರುಪನ್ನು ಬೆರಳಲ್ಲೇ ತಿರುಗಿಸಿ. ಬಿಗಿಯಿದ್ದರೆ ಒಂದು ಕ್ವಾರ್ಟರ್ ನಾಣ್ಯ ಸಾಕು. ಸ್ಕ್ರೂಡ್ರೈವರ್ ಹಾಕಿ ಗೀರು ಕೆಡಿಸಬೇಡಿ. ತಿರುಪು ಪೂರ್ತಿ ಸಡಿಲವಾದಾಗ ರೈಫಲ್ ನಡುವಿಗೆ ಎರಡಾಗುತ್ತದೆ. ಒಂದು ಕೈಯಲ್ಲಿ ನಳಿಗೆ, ಇನ್ನೊಂದು ಕೈಯಲ್ಲಿ ಹಿಡಿ. ತೋಟಾವನ್ನು ಒಳಗೆ ತಳ್ಳುವ ಉಕ್ಕಿನ ತುಂಡು, ಅಂದರೆ ಬೋಲ್ಟ್, ಹಾಗೇ ಜಾರಿ ಕೈಗೆ ಬರುತ್ತದೆ. ಬರದಿದ್ದರೆ ಬಲವಂತ ಬೇಡ, ಹ್ಯಾಮರ್ ಹಿಂದಿದೆಯಾ ಅಂತ ಮತ್ತೆ ನೋಡಿ. ಈಗ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ಹಿಂದಿನಿಂದ ಕಣ್ಣಿಟ್ಟು ನೋಡಿ. ಒಳಗೆ ಸಣ್ಣ ಸಣ್ಣ ಗೆರೆಗಳು ಸುರುಳಿಯಾಗಿ ಸಾಗುತ್ತವೆ. ಹದಿನಾರು ಇವೆ. 1950ರ ದಶಕದ ಮಧ್ಯದಿಂದ ಮಾರ್ಲಿನ್ ಹೀಗೆ ಆಳವಿಲ್ಲದ ಹೆಚ್ಚು ಗೆರೆಗಳನ್ನು ಹಾಕಲು ಶುರುಮಾಡಿತು, ಮೈಕ್ರೋ-ಗ್ರೂವ್ ಅಂತ ಅದರ ಹೆಸರು. ಮಗಳನ್ನು ಕರೆದು ತೋರಿಸಿ. ಗುಂಡು ಬುಗುರಿಯ ಹಾಗೆ ತಿರುಗುತ್ತಾ ಹೋಗುವುದು ಯಾಕೆ ಅಂತ ಅವಳಿಗೆ ಒಂದೇ ನೋಟದಲ್ಲಿ ಅರ್ಥವಾಗುತ್ತದೆ.

ಹೀಗೆ ಬಿಚ್ಚುವುದರಿಂದ ಇನ್ನೊಂದು ಲಾಭ ಇದೆ. ಬಹಳಷ್ಟು ಲಿವರ್ ರೈಫಲ್‌ಗಳನ್ನು ಮುಂದಿನ ತುದಿಯಿಂದಲೇ ಸಲಾಕೆ ಹಾಕಿ ಶುಚಿ ಮಾಡಬೇಕು. ಸಲಾಕೆ ಬಾಯಂಚಿಗೆ ಉಜ್ಜಿ ಉಜ್ಜಿ ಅಂಚು ಸವೆದರೆ ಗುರಿ ಹೋಗುತ್ತದೆ. ಗುಂಡಿಗೆ ಕೊನೆಗೆ ತಾಗುವುದು ಅದೇ ಅಂಚು. ನಿಮ್ಮದನ್ನು ಹಿಂದಿನಿಂದ ಶುಚಿ ಮಾಡಬಹುದು. ನೈಲಾನ್ ಹೊದಿಕೆಯ ತಂತಿಗೆ ಬಟ್ಟೆ ಚೂರು ಸಿಕ್ಕಿಸಿ ಹಿಂದಿನಿಂದ ಮುಂದಕ್ಕೆ ಎರಡು ಮೂರು ಸಲ ಎಳೆದರೆ ಮುಗಿಯಿತು. .22 ಗುಂಡಿನ ಮೇಲೆ ಮೇಣದ ಲೇಪ ಇರುತ್ತದೆ, ಅದು ನಳಿಗೆಗೆ ಹಿಡಿದುಕೊಂಡು ರಕ್ಷಣೆಯನ್ನೇ ಕೊಡುತ್ತದೆ. ಪ್ರತಿ ಸಲ ಬ್ರಶ್ ಹಾಕಿ ತಿಕ್ಕಬೇಕಿಲ್ಲ. ಶ್ರದ್ಧೆಯಿಂದ ಶುಚಿ ಮಾಡಿ ಮಾಡಿ ಹಾಳಾದ .22ಗಳನ್ನು ನಾನು ಬಹಳ ನೋಡಿದ್ದೇನೆ. ಮಸಿ ಕಟ್ಟುವುದು ಬೋಲ್ಟ್‌ನ ಮುಖದಲ್ಲಿ, ಮತ್ತು ತೋಟಾ ಕೂರುವ ಗೂಡಿನಲ್ಲಿ. ಹಳೆಯ ಟೂತ್‌ಬ್ರಶ್, ಸ್ವಲ್ಪ ದ್ರಾವಣ, ಆಮೇಲೆ ಒಂದೇ ಹನಿ ಎಣ್ಣೆ. ಜಾಸ್ತಿ ಎಣ್ಣೆ ಬಿಟ್ಟರೆ ಮಸಿ ಅಂಟಿಕೊಂಡು ಗಂಜಿಯಾಗುತ್ತದೆ. ಮಾವ ಶಾರ್ಟ್ ತೋಟಾ ಜಾಸ್ತಿ ಹೊಡೆಯುತ್ತಿದ್ದರೆ ಗೂಡಿನಲ್ಲಿ ಒಂದು ಮಸಿಯ ಉಂಗುರ ಕಟ್ಟಿರಬಹುದು, ಆಗ ಲಾಂಗ್ ರೈಫಲ್ ತೋಟಾ ಕೂರಲು ಬಿಗಿಯಾಗುತ್ತದೆ. ಅಲ್ಲಿ ಮಾತ್ರ ಬ್ರಶ್ ಹಾಕಿ. ಜೋಡಿಸಿದ ಮೇಲೆ ಆ ತಿರುಪನ್ನು ಬಿಗಿ ಮಾಡಿ. ಹೊಡೆಯುವ ನಡುನಡುವೆ ಬೆರಳಲ್ಲಿ ಮುಟ್ಟಿ ನೋಡಿ, ಸಡಿಲವಾಗಿದ್ದರೆ ಗುರಿ ಅಲೆಯುತ್ತದೆ.

ಮೊದಲ ಸಲ ಹೊಡೆಯುವ ಮುಂಚೆ ಒಮ್ಮೆ ಕೋವಿ ರಿಪೇರಿ ಮಾಡುವ ಒಳ್ಳೆಯ ಗನ್‌ಸ್ಮಿತ್‌ಗೆ ತೋರಿಸಿ. ಹ್ಯಾಮರ್ ನಿಲುಗಡೆ ಗಟ್ಟಿಯಾಗಿದೆಯಾ, ತೋಟಾ ಹೊರಗೆಸೆಯುವ ಪಟ್ಟಿ ಸರಿಯಿದೆಯಾ ಎಂಬ ಎರಡನ್ನು ಮಾತ್ರ ಕೇಳಿ. ಬೇರೇನೂ ಮಾಡಬೇಡಿ ಅಂತ ಚೀಟಿಯಲ್ಲಿ ಬರೆದುಕೊಡಿ.

ತೋಟಾ ಯಾವುದು? ಬೀರುವಿನಲ್ಲಿ ಮಾವನ ಹಳೆಯ ಡಬ್ಬಿಗಳು ಇರಬೇಕು. ಅವರು ಯಾವುದನ್ನು ಕೊಳ್ಳುತ್ತಿದ್ದರು ಅಂತ ನೋಡಿ. ಎಷ್ಟೋ ಜನ ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಏನಾದರೂ ಗುರುತು ಹಾಕಿರುತ್ತಾರೆ. ಹಸಿರು ಕಿಲುಬು ಹಿಡಿದ ತೋಟಾ ಬಳಸಬೇಡಿ. ಹೊಸದಾಗಿ ಮೂರು ತರದ ತೋಟಾ ಒಂದೊಂದು ಡಬ್ಬಿ ತನ್ನಿ. ಒಂದು ಸ್ಟ್ಯಾಂಡರ್ಡ್ ವೆಲಾಸಿಟಿ ಇರಲೇಬೇಕು. ಅದರ 40 ಗ್ರೇನ್ (ಸುಮಾರು ಎರಡೂವರೆ ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 1,070 ಅಡಿ ಹೋಗುತ್ತದೆ. ಅದು ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಗಾಳಿ ಸೀಳುವ ಛಟೀರ್ ಸದ್ದು ಇರುವುದಿಲ್ಲ. ಹೈ ವೆಲಾಸಿಟಿಯದ್ದು 1,250 ಅಡಿ ಆಸುಪಾಸು. 25 ಗಜದಲ್ಲಿ ಮೂರನ್ನೂ ಐದೈದು ಹೊಡೆದು ನೋಡಿ. ಪ್ರತಿ ರೈಫಲ್‌ಗೂ ಒಂದೊಂದು ತೋಟಾದ ಮೇಲೆ ಪ್ರೀತಿ ಇರುತ್ತದೆ, ಬೆಲೆ ನೋಡಿ ಅದು ಹೇಳಲಿಕ್ಕಾಗುವುದಿಲ್ಲ. ತೂತುಗಳು ಒತ್ತಾಗಿ ಬಿದ್ದ ಡಬ್ಬಿ ಯಾವುದೋ ಅದೇ ನಿಮ್ಮದು.

ಒತ್ತಿದರೂ ತೋಟಾ ಹಾರದಿದ್ದರೆ ನಳಿಗೆ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ಆಮೇಲೆ ಲಿವರ್ ತೆರೆಯಿರಿ. ಢಂ ಅನ್ನುವ ಬದಲು ಪುಸ್ ಅಂತ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಬಿಚ್ಚಿ ನೋಡದೆ ಮುಂದಿನದನ್ನು ಹೊಡೆಯಬಾರದು.

ಸ್ಕೋಪ್ ಬಗ್ಗೆ. ಈ ರೈಫಲ್‌ನ ಖಾಲಿ ತೋಟಾ ಪಕ್ಕಕ್ಕೆ ಹಾರುತ್ತದೆ, ಮೇಲೆ ಸ್ಕೋಪ್‌ಗೆ ತೂತುಗಳನ್ನೂ ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಕೂರಿಸಲು ಕಷ್ಟವೇನಿಲ್ಲ. ಆದರೂ ನಾನು ಬೇಡ ಅನ್ನುತ್ತೇನೆ. ಸ್ಕೋಪ್ ಬಂದರೆ ತೂಗಿ ಹಿಡಿಯುವ ಜಾಗ ಬದಲಾಗುತ್ತದೆ, ಹ್ಯಾಮರ್ ಎಳೆಯಲು ಹೆಬ್ಬೆರಳಿಗೆ ಜಾಗ ಸಾಲುವುದಿಲ್ಲ, ಕೆನ್ನೆಯನ್ನು ಮರಕ್ಕೆ ಒತ್ತುವ ಬದಲು ಕತ್ತು ಎತ್ತಬೇಕಾಗುತ್ತದೆ. ಮಾವನ ಕೆನ್ನೆ ನುಣುಪು ಮಾಡಿದ ಜಾಗಕ್ಕೆ ನಿಮ್ಮ ಕೆನ್ನೆ ತಾಗುವುದೇ ಇಲ್ಲ. ನಿಮ್ಮ ವಯಸ್ಸಿಗೆ, ಗುರಿ ಹಿಡಿಯಲು ನಳಿಗೆಯ ಮೇಲೆ ಹಿಂದೆ ಇರುವ ಗೀರು ಮಬ್ಬಾಗಿ ಕಾಣುತ್ತಿದ್ದರೆ ಅದಕ್ಕೆ ಬೇರೆ ದಾರಿ ಇದೆ, ಪೀಪ್ ಸೈಟ್. ಕಣ್ಣಿನ ಹತ್ತಿರ ಒಂದು ಸಣ್ಣ ತೂತು. ಅದರ ಮೂಲಕ ನೋಡಿದರೆ ನಳಿಗೆಯ ತುದಿಯ ಗುರಿಮಣಿ, ಡಬ್ಬಿ ಎರಡೂ ತಿಳಿಯಾಗುತ್ತವೆ. ತೂತನ್ನು ನಡುವಿಗೆ ತರುವ ಕೆಲಸ ಕಣ್ಣೇ ಮಾಡಿಕೊಳ್ಳುತ್ತದೆ. ವಿಲಿಯಮ್ಸ್ ಮುಂತಾದ ಕಂಪನಿಗಳದ್ದು ನಿಮ್ಮ ರೈಫಲ್‌ನಲ್ಲಿ ಆಗಲೇ ಇರುವ ತೂತುಗಳಿಗೇ ಕೂರುತ್ತದೆ. ಹೊಸದಾಗಿ ಏನನ್ನೂ ಕೊರೆಯಬೇಕಿಲ್ಲ. ಬೇಡ ಅನ್ನಿಸಿದ ದಿನ ಬಿಚ್ಚಿದರೆ ರೈಫಲ್ ಮೊದಲಿನ ಹಾಗೇ. ಹಳೆಯ ಸೈಟನ್ನು ಒಂದು ಲಕೋಟೆಯಲ್ಲಿ ಹಾಕಿ ಹೆಸರು ಬರೆದು ಇಡಿ.

ಎಲ್ಲಿ ಹೊಡೆಯುವುದು? ಮೊದಲ ಕೆಲವು ಸಲ ರೇಂಜ್‌ಗೇ ಹೋಗಿ. ಪೆನ್ಸಿಲ್ವೇನಿಯಾದಲ್ಲಿ ಗೇಮ್ ಕಮಿಷನ್‌ನ, ಅಂದರೆ ರಾಜ್ಯದ ವನ್ಯಜೀವಿ ಇಲಾಖೆಯ, ಜಮೀನುಗಳಲ್ಲಿ ಸಾರ್ವಜನಿಕ ರೇಂಜ್‌ಗಳಿವೆ, ಪರ್ಮಿಟ್ ಇಲ್ಲವೇ ಬೇಟೆ ಲೈಸೆನ್ಸ್ ಬೇಕು. ಹಿತ್ತಲಲ್ಲಿ ಮಾವ ಹೊಡೆಯುತ್ತಿದ್ದರು ನಿಜ. ಆದರೆ ಅವರ ಕಾಲದಲ್ಲಿ ದಿಬ್ಬದ ಹಿಂದೆ ಹೊಲ ಇದ್ದಿರಬಹುದು, ಈಗ ಮನೆ ಎದ್ದಿರಬಹುದು. ಊರಿನ ನಿಯಮ ವಿಚಾರಿಸಿ, ದಿಬ್ಬದ ಆಚೆ ನಡೆದು ಹೋಗಿ ಕಣ್ಣಾರೆ ನೋಡಿ. .22 ಅಂದರೆ ಆಟಿಕೆ ಅಂತ ಜನ ತಿಳಿಯುತ್ತಾರೆ. ತೋಟಾದ ಡಬ್ಬಿಯ ಮೇಲೆ ಓದಿ, ಒಂದು ಮೈಲಿ ಇಲ್ಲವೇ ಅದಕ್ಕೂ ಹೆಚ್ಚು ದೂರ ಅಪಾಯ ಅಂತ ಮುದ್ರಿಸಿರುತ್ತಾರೆ. ಕಲ್ಲು, ನೀರು, ಗಟ್ಟಿ ಮರ ಇವುಗಳಿಗೆ ತಾಗಿದರೆ ಗುಂಡು ಚಿಮ್ಮಿ ಎತ್ತಲೋ ಹೋಗುತ್ತದೆ. ಮೆತ್ತನೆ ಮಣ್ಣಿನ ಎತ್ತರದ ದಿಬ್ಬ ಮಾತ್ರ ನಂಬಬಹುದು.

ಈಗ ಮಗಳು. ಹದಿನಾಲ್ಕು ಒಳ್ಳೆಯ ವಯಸ್ಸು. ರೇಂಜ್‌ನಲ್ಲಿ ಕಲಿಸುವವರು ಸಿಗುತ್ತಾರೆ, ನೀವಿಬ್ಬರೂ ಜೊತೆಗೇ ಕಲಿಯಿರಿ. ಇಬ್ಬರಿಗೂ ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚುಗೆ. ಸದ್ದು ಕಡಿಮೆ ಅನ್ನಿಸಿದರೂ ಬೇಕು. ಮೂರು ಕಿಲೋ ಅವಳ ತೋಳಿಗೆ ಭಾರ. ಬೆಂಚಿನ ಮುಂದೆ ಕೂರಿಸಿ, ರೈಫಲ್‌ನ ಮುಂಭಾಗವನ್ನು ಮರಳುಚೀಲದ ಮೇಲೆ ಇಡಿಸಿ. ಮೊದಲ ದಿನ ಒಂದು ಸಲಕ್ಕೆ ಒಂದೇ ತೋಟಾ. ಲಿವರನ್ನು ಕೊನೆಯವರೆಗೆ ಗಟ್ಟಿಯಾಗಿ ಇಳಿಸಿ, ಗಟ್ಟಿಯಾಗಿಯೇ ಮೇಲೆ ತರಬೇಕು. ಮೃದುವಾಗಿ ಮಾಡಬೇಕು ಅಂತ ಅರ್ಧಕ್ಕೆ ನಿಲ್ಲಿಸಿದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಹೊಸಬರಿಗೆ ಆಗುವ ತೊಂದರೆಯಲ್ಲಿ ಮುಕ್ಕಾಲು ಪಾಲು ಇದೇ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಮಣಿಯನ್ನು ನೋಡುತ್ತಾ ಟ್ರಿಗರನ್ನು ನಿಧಾನ ಒತ್ತಬೇಕು. ಗುರಿಯನ್ನಲ್ಲ, ಮಣಿಯನ್ನು ನೋಡಬೇಕು.

ಲಿವರ್ ರೈಫಲ್‌ನ ಸೊಗಸು ಇರುವುದೇ ಇಲ್ಲಿ. ಒಂದು ಹೊಡೆದ ಮೇಲೆ ಕೈ ಒಂದು ಕೆಲಸ ಮಾಡಬೇಕು. ಬೆರಳುಗಳು ಕೆಳಗೆ ಹೋಗುತ್ತವೆ, ಖಾಲಿ ಹಿತ್ತಾಳೆ ಟಿಣ್ ಅಂತ ಪಕ್ಕಕ್ಕೆ ಹಾರುತ್ತದೆ, ಹೊಸದು ಮೇಲೆದ್ದು ಒಳಗೆ ಜಾರುತ್ತದೆ, ಉಕ್ಕಿನ ಮೇಲೆ ಉಕ್ಕು ಕೂರುವ ಕಳಕ್ ಸದ್ದು ಅಂಗೈಗೇ ಕೇಳಿಸುತ್ತದೆ. ಐವತ್ತು ವರ್ಷ ಉಜ್ಜಿಕೊಂಡ ಭಾಗಗಳು ಬೆಣ್ಣೆಯ ಹಾಗೆ ಓಡಾಡುತ್ತವೆ. ಹೊಸ ರೈಫಲ್ ಕೊಂಡರೆ ಈ ನಯ ಬರಲು ಸಾವಿರಾರು ಸಲ ಲಿವರ್ ಎಳೆಯಬೇಕು. ಆ ಕೆಲಸವನ್ನು ಮಾವ ಮಾಡಿಟ್ಟು ಹೋಗಿದ್ದಾರೆ. ಅದಕ್ಕೇ ಹೇಳುವುದು, ಮಾರಿದರೆ ನಿಮಗೆ ಬರುವ ಹಣದಲ್ಲಿ ಇಂಥದ್ದನ್ನು ಮತ್ತೆ ಕೊಳ್ಳಲು ಆಗುವುದಿಲ್ಲ. ಗೋಡೆಗೆ ತೂಗುಹಾಕಿದರೆ ಎಣ್ಣೆ ಒಣಗಿ ಬಿಗಿಯಾಗುತ್ತದೆ.

ಮುಗಿದ ಮೇಲೆ ಇಬ್ಬರೂ ಸೋಪು ಹಾಕಿ ತಣ್ಣೀರಿನಲ್ಲಿ ಕೈ, ಮುಖ ತೊಳೆಯಿರಿ. ಗುಂಡಿನಲ್ಲೂ ಮದ್ದಿನಲ್ಲೂ ಸೀಸ ಇರುತ್ತದೆ. ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಮನೆಯಲ್ಲಿ ರೈಫಲ್‌ಗೆ ಬೀಗ ಇರುವ ಉಕ್ಕಿನ ಕಪಾಟು, ತೋಟಾಕ್ಕೆ ಬೇರೆ ಬೀಗ. ಕೀಲಿ ನಿಮ್ಮ ಹತ್ತಿರ ಮಾತ್ರ. ಮಗಳು ಎಷ್ಟು ಜಾಣೆಯಾದರೂ ಸರಿ, ಅವಳ ಗೆಳತಿಯರು ಬರುತ್ತಾರೆ ಅಲ್ವಾ. ಮಾವ ಇಟ್ಟಿದ್ದ ಬಟ್ಟೆಯ ಅಥವಾ ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಬಿಡಬೇಡಿ, ಅದು ತೇವ ಹೀರಿ ತುಕ್ಕು ಹಿಡಿಸುತ್ತದೆ.

ಕಾಗದದ ಗುರಿಯಲ್ಲಿ ಕೈ ಕೂತ ಮೇಲೆ, ದಿಬ್ಬ ಸುರಕ್ಷಿತ ಅಂತ ಗೊತ್ತಾದ ಮೇಲೆ, ಒಂದು ಭಾನುವಾರ ಸಂಜೆ ಐದು ಖಾಲಿ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋಗಿ. 25 ಗಜ ಸಾಕು. ಜೋಡಿಸುವ ಕೆಲಸ ಈ ಸಲ ಮಗಳದ್ದು. ಅವಳು ವಾಪಸ್ ಬಂದು ನಿಮ್ಮ ಹಿಂದೆ ನಿಂತ ಮೇಲೆ ಕೊಳವೆಗೆ ಐದು ತೋಟಾ ಹಾಕಿ. ಕೆನ್ನೆಯನ್ನು ಆ ನುಣುಪು ಜಾಗಕ್ಕೆ ಒತ್ತಿ. ಮೊದಲ ಡಬ್ಬಿ ನೀವೇ ಹೊಡೆಯಿರಿ.